ಪಿಪಾಲುಕಳ ಕೆಂಪು ಜಾಕೆಟ್

ಆಗಸ್ಟ್ 4, ಕಾನಾಕ್
ನಮ್ಮ ಹಿಮದೂರಿಗೆ ಈ ಬೇಸಿಗೆಯ ಹನ್ನೊಂದನೇ ಪ್ರವಾಸಿ ಹಡಗು. ನಾನು ಶಾಲೆಗೆ ಹೋಗುವಾಗ ವರ್ಷಕ್ಕೊಂದು ಬಂದರೆ ಊರೇ ದಡಕ್ಕೆ ಓಡುತ್ತಿತ್ತು. ಈಗ ನಾನು ಕೆಲಸ ಮಾಡುವ ಅಂಗಡಿಯ ಗಲ್ಲಾದಿಂದಲೇ ನೋಡಿದೆ. ಚಿಕ್ಕಪ್ಪನ ಮಗಳು ಪಿಪಾಲುಕ್, ಹಡಗಿನವರು ಕೊಟ್ಟ ಕೆಂಪು ಜಾಕೆಟ್ ತೊಟ್ಟು ಪ್ರವಾಸಿಗರ ಮುಂದೆ ಮುಂದೆ. ಗೈಡ್ ಅಂತೆ. ಅವಳಿಗೆ ಇಂಗ್ಲಿಷ್ ಕಲಿಸಿದವಳು ನಾನು. ಹೊಟ್ಟೆ ಉರಿಯಿತು. ಇಲ್ಲಿ ಬರೆದರೇನು, ಓದುವವರು ಯಾರು.

ಆಗಸ್ಟ್ 5
ಒಳಕೊಲ್ಲಿಗೆ ಕೊಂಬಿನ ತಿಮಿಂಗಿಲಗಳು ಬಂದಿವೆ. ಇನ್ನು ಅಲ್ಲಿ ಯಾರೂ ಮೋಟಾರು ಹಾಕುವಂತಿಲ್ಲ, ಸದ್ದಾದರೆ ಓಡಿಹೋಗುತ್ತವೆ. ಅಪ್ಪ ಬೇಟೆಗೆ ತನ್ನ ಹುಟ್ಟುದೋಣಿ ಕಯಾಕ್ ಹೊತ್ತು ಹೊರಟ. ಎಪ್ಪತ್ತಾಯಿತು, ಭುಜ ಸರಿಯಾಗಿ ಏಳುವುದಿಲ್ಲ.
"ಇದೇ ಕೊನೇ ಸಲ ಕಣೇ ತುಕುಮ್ಮೆಕ್. ಚಾಕು ಮಸೆದಿಡು," ಅಂದ.

ಆಗಸ್ಟ್ 6, ಬೆಳಿಗ್ಗೆ 11
ಹಡಗಿನ ಮ್ಯಾನೇಜರ್ ಅಂಗಡಿಗೆ ಬಂದ, ಪಿಪಾಲುಕ್ ಜೊತೆ. ಬೇರೆ ಹಡಗು ಹೋಗದ ಜಾಗ ಬೇಕಂತೆ.
"ಅಂಥದ್ದು ಯಾವ್ದೂ ಇಲ್ಲ," ಅಂದಳು ಪಿಪಾಲುಕ್.
ಅವಳು ಹೊರಗೆ ಹೋದಳು. ನಾನು ನಕ್ಷೆಯ ಮೇಲೆ ಬೆರಳಿಟ್ಟೆ. ಒಳಕೊಲ್ಲಿ. ದೂರದಿಂದ ನೋಡಿಕೊಂಡು ಬರುತ್ತಾರೆ ಅಂದುಕೊಂಡೆ... ಇಲ್ಲ, ಸುಳ್ಳು. ಏನೂ ಅಂದುಕೊಳ್ಳಲಿಲ್ಲ. ಕಣ್ಣ ತುಂಬ ಜಾಕೆಟ್ಟೇ ಇತ್ತು.

ಸಂಜೆ 4
ಮ್ಯಾನೇಜರ್ ನನಗೂ ಅಂಥದೇ ಕೆಂಪು ಜಾಕೆಟ್ ಕೊಟ್ಟ. ಮುಂದಿನ ಹಡಗಿಗೆ ನಾನೇ ಗೈಡ್ ಅಂತೆ. ತೋಳು ಉದ್ದ. ಹಾಸಿಗೆಯಡಿ ಇಟ್ಟೆ.

ಆಗಸ್ಟ್ 8
ಅಪ್ಪ ಬರಿಗೈಯಲ್ಲಿ ಬಂದ. ಎರಡು ದಿನ ಅಲುಗದೆ ಕಾದು ಕೊನೆಗೆ ಈಟಿ ಎತ್ತಿದ್ದನಂತೆ — ಅಷ್ಟರಲ್ಲಿ ಹಡಗಿನವರ ಹನ್ನೆರಡು ರಬ್ಬರ್ ದೋಣಿ, ಮೋಟಾರು, ಕ್ಯಾಮೆರಾ. ತಿಮಿಂಗಿಲಗಳು ಮುಳುಗಿದವು. ಮತ್ತೆ ಏಳಲೇ ಇಲ್ಲ.
"ಆ ಪಿಪಾಲುಕಳೇ ತೋರ್ಸಿರ್ಬೇಕು. ಇನ್ಯಾರು?" ಅಂದ.
ಮಸೆದ ಚಾಕು ಒಳಗಿಟ್ಟೆ.

ಆಗಸ್ಟ್ 15
ಊರಲ್ಲಿ ಯಾರೂ ಅವಳನ್ನು ಮಾತಾಡಿಸುವುದಿಲ್ಲ. ನನಗೆ ಬೇಕಿದ್ದು ಇದೇ ತಾನೆ. ಚಹಾಪುಡಿ ಕೊಳ್ಳಲು ಬಂದಳು. ತಡೆಯಲಾಗಲಿಲ್ಲ.
"ಯಾರು ತೋರ್ಸಿದ್ದು ಅಂತ ಗೊತ್ತಾ ನಿಂಗೆ?"
"ಗೊತ್ತಕ್ಕ. ಮ್ಯಾನೇಜರೇ ಹೇಳ್ದ."
"ಮತ್ತೆ ಅಪ್ಪಂಗ್ಯಾಕೆ ಹೇಳ್ಲಿಲ್ಲ?"
"ನಾನು ಮಾಡ್ದೆ ಅಂದ್ರೆ ದೊಡ್ಡಪ್ಪ ತಡ್ಕೋತಾರೆ. ನೀನು ಅಂದ್ರೆ ತಡ್ಕೊಳ್ಳಲ್ಲ."
ಅದಕ್ಕೂ ಹೊಟ್ಟೆ ಉರಿಯಿತು. ಒಳ್ಳೆಯತನದಲ್ಲೂ ಇವಳೇ ಮುಂದಿರಬೇಕೆ?

ಆಗಸ್ಟ್ 16
ಅಪ್ಪ ದಡದಲ್ಲಿ ಕಯಾಕಿನ ಹೊದಿಕೆ ಬಿಚ್ಚುತ್ತಿದ್ದ. ಮತ್ತೆ ಕಟ್ಟುವ ಹಾಗೆ ಕಾಣಲಿಲ್ಲ. ಹೇಳಿಬಿಡೋಣ ಎಂದು ಜಾಕೆಟ್ ತೊಟ್ಟೇ ಹೋದೆ. ಬಿಸಿಲು ನನ್ನ ಬೆನ್ನಿಗಿತ್ತು. ಅವನು ಕಣ್ಣು ಕಿರಿದು ಮಾಡಿ ನೋಡಿದ, ಮುಖ ತಿರುಗಿಸಿದ.
"ಹೋಗು, ಪಿಪಾಲುಕ್. ನಿನ್ನ ಮುಖ ನೋಡಲ್ಲ."
"ನಾನಪ್ಪಾ," ಅಂದೆ.
ಕೈ ನಿಂತಿತು. ಎದ್ದು ಹತ್ತಿರ ಬಂದ. ಜಾಕೆಟ್ಟಿನ ಉದ್ದ ತೋಳು ಹಿಡಿದು ನೋಡಿದ. ಆಮೇಲೆ ತೋಳು ಬಿಟ್ಟು, "ಹೋಗಿ ಪಿಪಾಲುಕಳನ್ನ ಕರ್ಕೊಂಡು ಬಾ," ಅಂದ.