ನಾಲ್ಕು ಚಮಚ ಸಕ್ಕರೆ

ಪ್ರೆಸ್ಸಿನ ಮೇಸ್ತ್ರಿಗಳಿಗೆ, ಕಾಗದ ಕತ್ತರಿಸುವ ಮಷಿನ್ನಿನವನ ನಮಸ್ಕಾರಗಳು.

ನಾನು ಹೇಳುತ್ತಿದ್ದೇನೆ, ಹೆಂಡತಿ ಬರೆಯುತ್ತಿದ್ದಾಳೆ. ಮೊನ್ನೆ ಆಸ್ಪತ್ರೆಯಿಂದ ಮನೆಗೆ ಬಂದೆ. ನನಗಿರುವುದು ಎಲ್ಲರಿಗೂ ಬರುವ ಶುಗರ್ ಕಾಯಿಲೆ ಅಲ್ಲವಂತೆ. ಸಿಹಿ ಹೊಟ್ಟೆಗೆ ಬಿದ್ದರೆ ರಕ್ತದ ಸಕ್ಕರೆ ಸರ್ರನೆ ಏರಿ, ಎರಡು ಗಂಟೆಯಲ್ಲಿ ಪಾತಾಳಕ್ಕೆ ಇಳಿಯುತ್ತದಂತೆ.

ಅವತ್ತು ಹತ್ತು ಗಂಟೆಗೆ ನಾನು ನಡುಗುವುದನ್ನು ಕಂಡು, “ಕುಡಿಯೋ, ಜೀವ ಬರುತ್ತೆ” ಎಂದು ನಾಲ್ಕು ಚಮಚ ಸಕ್ಕರೆ ಹಾಕಿದ ಟೀ ಕೊಟ್ಟಿರಿ. ಜೀವ ಬಂತು. ಅದನ್ನೇ ನಂಬಿ ಮತ್ತೆ ಮಷಿನ್ ಮುಂದೆ ನಿಂತೆ. ಊಟದ ಬೆಲ್ಲಿಗೆ ಸ್ವಲ್ಪ ಮೊದಲು ಕಣ್ಣು ಕತ್ತಲಿಟ್ಟಿತು. ತಪ್ಪು ನಿಮ್ಮದಲ್ಲ, ಮನೆಯಲ್ಲಿ ನಾನೂ ಅದನ್ನೇ ಮಾಡುತ್ತಿದ್ದೆ.

ಇನ್ನು ಮೇಲೆ ಸಕ್ಕರೆ ಬಿಟ್ಟು, ಮೂರು ಗಂಟೆಗೊಮ್ಮೆ ಹಿಡಿ ಕಡಲೆಬೀಜವೋ ಬೇಯಿಸಿದ ಮೊಟ್ಟೆಯೋ ತಿನ್ನಬೇಕು. ಕಾಗದಕ್ಕೆ ಎಣ್ಣೆ ತಾಗುತ್ತದೆಂದು ನೀವು ಒಳಗೆ ತಿಂಡಿ ಬಿಡುವುದಿಲ್ಲ. “ಎಣ್ಣೆ ತಾಗಬಾರದು, ರಕ್ತ ತಾಗಿದ್ರೆ ಪರವಾಗಿಲ್ವಾ?” ಎನ್ನುತ್ತಾಳೆ ಇವಳು. ಅದನ್ನು ಬರೆಯಬೇಡ ಎಂದೆ, ಬರೆದೇಬಿಟ್ಟಳು, ಕ್ಷಮಿಸಿ.

ನನ್ನನ್ನು ಬಾಗಿಲ ಬಳಿ ಕಾಗದದ ಕಟ್ಟು ಎಣಿಸುವ ಕೆಲಸಕ್ಕೆ ಹಾಕಿದರೆ, ಹೊರಗೆ ನಿಂತು ತಿಂದು ಬರುತ್ತೇನೆ. ಎಣಿಸಲು ಒಂದು ಕೈ ಸಾಕು.

ಸಹಿ ಹಾಕಲು ಬಾರದ ಲೋಡಿಂಗಿನವರನ್ನು ಹಾಜರಿ ಪುಸ್ತಕದ ಮುಂದೆ “ಹೆಬ್ಬೆಟ್ಟು” ಎಂದು ಆಡಿಕೊಳ್ಳುತ್ತಿದ್ದವನು ನಾನೇ. ಕೆಳಗೆ ಒತ್ತಿರುವುದು ನನ್ನ ಎಡಗೈಯದು, ಉಳಿದಿರುವುದು ಅದೊಂದೇ. ಅವರಿಗೂ ತೋರಿಸಿ, ನಗಲಿ.

ಇತಿ,
ನಿಮ್ಮ ಹೊಸ ಹೆಬ್ಬೆಟ್ಟು