ಸಾಲಿನ ಮೊದಲಿನ ಖಾಲಿ ಜಾಗ

ಅತ್ತೆಮ್ಮನವರಿಗೆ ನಿಮ್ಮ ಸೊಸೆಯ ನಮಸ್ಕಾರ.

ಮಧ್ಯಾಹ್ನದ ಊಟವಾದ ಮೇಲೆ ಸೆರಗಿಗೆ ಕೈ ಒರೆಸಿಕೊಂಡು ನೀವು ಕಂಪ್ಯೂಟರಿನ ಮುಂದೆ ಕೂರುತ್ತಿದ್ದದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ಮದುವೆಯಲ್ಲಿ ಎರಡು ಕಡೆಯ ಹೆಂಗಸರು ಒಬ್ಬರನ್ನೊಬ್ಬರು ಹಂಗಿಸುತ್ತ ಹಾಡುವ ಬೀಗರ ಹಾಡುಗಳನ್ನು ಒಂದೊಂದಾಗಿ ನೆನೆಸಿಕೊಂಡು ಬ್ಲಾಗಿಗೆ ಹಾಕುತ್ತಿದ್ದಿರಿ. ತೆಲುಗು ಶಾಲೆಯಲ್ಲಿ ಓದಿದ ನನಗೆ ಕನ್ನಡ ಅಕ್ಷರ ಕಲಿಸಿದ್ದೂ ಅದೇ ಹಾಡುಗಳಿಂದ. ಇವಳು ಮೊದಲು ಓದಿದ ಕನ್ನಡವೇ ಬೈಗುಳ ಎಂದು ನಿಮ್ಮ ಮಗ ನಗುತ್ತಿದ್ದರು.

ಬ್ಲಾಗನ್ನು ಹೊಸ ತಂತ್ರಾಂಶಕ್ಕೆ ಸಾಗಿಸಿದ ದಿನ ನೆನಪಿದೆಯೇ? ನಿಮ್ಮ ಕಡೆಯ ಸಾಲನ್ನು ನೀವು ಅಂಚಿನಿಂದ ಶುರುಮಾಡಿ, ಎದುರಿನವರ ಸಾಲನ್ನು ನಾಲ್ಕು ಸಲ ಖಾಲಿ ಜಾಗದ ಗುಂಡಿ ಒತ್ತಿ ಒಳಗೆ ಸರಿಸುತ್ತಿದ್ದಿರಿ. ನಾನು ಅದನ್ನು ವಯಸ್ಸಾದ ಬೆರಳಿನ ತಪ್ಪು ಅಂದುಕೊಂಡೆ. ಇಲ್ಲಿ ಆದವಾನಿಯ ಹತ್ತಿ ಜಿನ್ನಿಂಗ್ ಮಿಲ್ಲಿನ ಆಫೀಸಿನಲ್ಲಿ ಪಟ್ಟಿ ತಿದ್ದುವ ಕೈ ನನ್ನದು, ಬೇಡದ ಖಾಲಿ ಜಾಗ ಕಂಡರೆ ಒರೆಸುವುದೇ ಅಭ್ಯಾಸ. ಹಳೆಯ ಪ್ರತಿಯನ್ನೂ ಇಟ್ಟುಕೊಳ್ಳದೆ ಎಲ್ಲ ಹಾಡುಗಳ ಜಾಗವನ್ನೂ ಒಂದೇ ಏಟಿಗೆ ಒರೆಸಿದೆ. ಚೊಕ್ಕ ಮಾಡಿದ್ದೇನೆ ನೋಡಿ ಎಂದು ನಿಮ್ಮನ್ನು ಕರೆದವಳೂ ನಾನೇ.

ನೀವು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಿರಿ. "ಇಬ್ಬರ ಜಗಳಾನ ಒಬ್ಬಾಕಿ ಬಡಬಡಿಕಿ ಮಾಡಿಟ್ಟಿ ನೋಡವ್ವ. ಯಾರು ಯಾರಿಗೆ ಅಂದ್ರು ಅನ್ನೋದ ಹೋತು," ಎಂದಿರಿ. ಆಮೇಲೆ ಕಂಪ್ಯೂಟರ್ ಮುಟ್ಟಲಿಲ್ಲ. ಬನ್ನಿ, ಇಬ್ಬರೂ ಕೂತು ಸರಿ ಮಾಡೋಣ ಎಂದು ನಾನು ಅನ್ನಬೇಕಿತ್ತು. ನನಗೂ ಬಿಗುಮಾನ. ನಾಳೆ, ನಾಡಿದ್ದು ಎನ್ನುವಷ್ಟರಲ್ಲಿ ನೀವು...

ನಿಮ್ಮ ವರ್ಷಾಂತಿಕ ಮುಗಿದ ಮೇಲೆ ನನ್ನಿಂದ ತಡೆಯಲಾಗಲಿಲ್ಲ. ಹೊಸ ತಂತ್ರಾಂಶ ಸಾಲಿನ ಮೊದಲು ಎಷ್ಟು ಜಾಗ ಬಿಟ್ಟರೂ ನುಂಗಿಬಿಡುತ್ತಿತ್ತು. ಅದಕ್ಕೆ ಜೋಡಿಸಲು ಒಂದು ಪ್ಲಗಿನ್ ಹುಡುಕಿದೆ. ಅದರದು ಪುಟದ ಅಚ್ಚು ಹಾಕುವ ಟೆಂಪ್ಲೇಟ್ ಭಾಷೆ ಅತ್ತೆಮ್ಮ, ಅದರಲ್ಲಿ ಖಾಲಿ ಜಾಗಕ್ಕೇ ಅರ್ಥ. ಒಳಗೆ ಸರಿದ ಸಾಲು ಯಾವುದಕ್ಕೆ ಸೇರಿದ್ದು ಎಂಬುದನ್ನು ಆ ಜಾಗ ನೋಡಿಯೇ ಅದು ತಿಳಿದುಕೊಳ್ಳುತ್ತದೆ. ನಾಲ್ಕರ ಬದಲು ಮೂರೇ ಜಾಗ ಬಿಟ್ಟರೆ ಇಡೀ ಪುಟವನ್ನೇ ತೆರೆಯದೆ ಮುನಿಸಿಕೊಳ್ಳುತ್ತದೆ, ಥೇಟ್ ನಿಮ್ಮ ಹಾಗೆ. ಒಂದು ಇಡೀ ದಿನ ಬ್ಲಾಗೆಲ್ಲ ಬೆಳ್ಳಗಾಗಿ ಏನೂ ಕಾಣಲಿಲ್ಲ, ಇದ್ದದ್ದೂ ಹೋಯಿತೇ ಎಂದು ನಿಮ್ಮ ಮಗ ಗಾಬರಿಯಾದರು. ಕೊನೆಗೆ ಕೂತಿತು. ಆದರೆ ಯಾವ ಸಾಲನ್ನು ಒಳಗೆ ಸರಿಸಲಿ? ಹೇಳಬೇಕಾದವರು ನೀವಿರಲಿಲ್ಲ.

ನಿಮ್ಮ ತವರು ಮದ್ದಿಕೇರದಲ್ಲಿ ಒಂದೇ ಓಣಿಯಲ್ಲಿ ಬೆಳೆದು, ಪ್ರತಿ ಮದುವೆಯಲ್ಲೂ ನಿಮ್ಮ ಎದುರೇ ನಿಂತು ಹಾಡುತ್ತಿದ್ದ ನಿಮ್ಮ ಗೆಳತಿ ಹನುಮಕ್ಕ ನೆನಪಾದರು. ರಜೆ ಹಾಕಿ ಗುಂತಕಲ್ಲಿಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಮದ್ದಿಕೇರಕ್ಕೆ ಬಸ್ಸು ಹಿಡಿದೆ. ಅವರಿಗೆ ಓದಲು ಬರುವುದಿಲ್ಲ. ಕುರಿ ಹಟ್ಟಿಯ ಪಕ್ಕ ಕೂತು ನಾನು ಒಂದೊಂದೇ ಸಾಲು ಓದಿದೆ, ಅವರು ಇದು ನಂದು, ಇದು ಆಕೀದು ಎನ್ನುತ್ತ ಹೋದರು. ನಾನು ಗುರುತು ಹಾಕಿಕೊಂಡೆ. ಕೊನೆಯ ಹಾಡಿಗೆ ಬಂದಾಗ ಮೊದಲ ಎರಡು ಸಾಲು ತಮ್ಮವೆಂದರು.

ಆದವಾನಿ ಸೇರಿದಾಕಿ ಅರಳೆಹಂಗ ಹಗುರಾಗಿ
ಹಾದಿ ಮರತೀಯೇನ ಮದ್ದಿಕೇರದ?

ಆಮೇಲಿನ ಎರಡನ್ನು ಓದಿದೆ.

ಹಾದಿ ಮರತಿಲ್ಲ ಗೆಳತಿ, ಕಾಲು ಮರತಾವ
ನೀ ಬಾರೆ ನನ್ನ ಹಿತ್ತಲಿಗೆ.

ಹನುಮಕ್ಕ ಮುಂದಕ್ಕೆ ಬಾಗಿದರು. "ಮಳ್ಳಾ ಒಕಸಾರಿ ಚದುವಮ್ಮಾ," ಎಂದು ತೆಲುಗಿಗೆ ತಿರುಗಿದರು. ಇನ್ನೊಮ್ಮೆ ಓದಿದೆ. "ಅವತ್ತ ಮದುವ್ಯಾಗ ನನ್ನ ಸಾಲಿಗೆ ಜವಾಬ ಕೊಡಲಿಲ್ಲ ಆಕಿ. ನಕ್ಕು ಹೋಗಿಬಿಟ್ಟಳು. ಇದು ಹಾಡಿಂದಲ್ಲವ್ವ. ಆಮ್ಯಾಲ ನನಗಂತನ ಬರದಾಳ," ಎಂದರು. ಕಣ್ಣು ಒರೆಸಿಕೊಳ್ಳಲಿಲ್ಲ, ಹಾಗೇ ಬಿಟ್ಟರು. ಎಷ್ಟು ದಿನದಿಂದ ಆ ಕರೆ ಅಲ್ಲಿ ಬಿದ್ದಿತ್ತು ಅತ್ತೆಮ್ಮ? ನಾನು ಜಾಗ ಒರೆಸಿದಾಗ ಅದೂ ಯಾರು ಯಾರನ್ನು ಕರೆದದ್ದು ಎಂದು ತಿಳಿಯದಂತೆ ಹೋಗಿತ್ತು. ನನ್ನನ್ನು ಕ್ಷಮಿಸಿ.

ಈಗ ಎಲ್ಲ ಹಾಡುಗಳೂ ಮೊದಲಿನಂತೆ ಇವೆ, ನೀವು ಅಂಚಿನಲ್ಲಿ, ಅವರು ನಾಲ್ಕು ಜಾಗ ಒಳಗೆ. ಬಸ್ಸಿಗೆ ಹೊರಟವಳನ್ನು ಹನುಮಕ್ಕ ಕೈ ಹಿಡಿದು ನಿಲ್ಲಿಸಿ, ನಿಮಗೆ ಮುಟ್ಟಿಸು ಎಂದು ಸಣ್ಣ ದನಿಯಲ್ಲಿ ಹಾಡಿ ಕಳಿಸಿದರು. ಅದನ್ನು ನಿಮ್ಮ ಸಾಲಿನ ಕೆಳಗೇ ಹಾಕಿದ್ದೇನೆ.

    ಬಂದೀನಿ ಅಂತ ತಿಳಿ, ಕದ ತೆರದಿಡು ಗೆಳತಿ
    ನನ ಕಾಲೂ ಈಗ ನಿನ ಕಡಿಗೆ.

ಇನ್ನು ಜವಾಬು ನಿಮ್ಮದು.