ತಾನಾಗಿ ಬಂದ ಸೊಪ್ಪು

ದೀಪವರ್ಷ ಅರವತ್ತೆರಡು, ಮೂರನೆಯ ಶ್ರಾವಣ, ನಲವತ್ತೊಂದನೆಯ ದಿನ

ರಾಗಿ ಹೊಲದಲ್ಲಿ ಕೂತು ಕಳೆ ಕೀಳುತ್ತಿರುವ ಅಜ್ಜಿಯರಿಗೆ, ಇನ್ನೂ ಹುಟ್ಟದ ನಿಮ್ಮ ಮೊಮ್ಮಗಳು ಹೊಂಬಮ್ಮನ ನಮಸ್ಕಾರ.

ತಾರೀಖು ನೋಡಿ ನಗಬೇಡಿ. ಬೆಳೆಯನ್ನೆಲ್ಲ ಬಯಲಿನಿಂದ ಎತ್ತಿ ದೀಪದ ಕೆಳಗೆ ತಂದ ವರ್ಷದಿಂದ ನಮ್ಮ ಎಣಿಕೆ ಶುರುವಾಗುತ್ತದೆ. ಮಳೆ ತನಗಿಷ್ಟ ಬಂದಾಗ ಬರುವುದರಿಂದ, ಬಂದಾಗಲೆಲ್ಲ ಅದನ್ನೇ ಶ್ರಾವಣ ಎನ್ನುತ್ತೇವೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಿ. ಹೊಲ ಎಂಬ ಪದವನ್ನೇ ನಾನು ಅವ್ವನ ಬಾಯಿಂದ ಕಲಿತದ್ದು.

ನಾನು ದುಡಿಯುವುದು ಎಲೆಕೋಣೆಯಲ್ಲಿ. ಕಿಟಕಿಯಿಲ್ಲದ ದೊಡ್ಡ ಕೊಠಡಿ, ಗೋಡೆಯುದ್ದಕ್ಕೂ ತಟ್ಟೆಗಳು, ತಟ್ಟೆಯಲ್ಲಿ ಮಣ್ಣಿನ ಬದಲು ಒದ್ದೆ ನಾರು, ಮೇಲೆ ನೇರಳೆ ಬೆಳಕು. ಅಲ್ಲಿ ದಂಟು, ಮೆಂತ್ಯ, ಸಬ್ಬಸಿಗೆ, ಪಾಲಕ್ ಬೆಳೆಯುತ್ತೇವೆ. ಪಾಲಕ್ ಎಲ್ಲರ ಮಾತಿಗೂ ಹೂಂಗುಟ್ಟುವ ನೆಂಟ. ಯಾವ ಸಾರಿಗೆ ಹಾಕಿದರೂ ತಕರಾರಿಲ್ಲ, ನೆನಪೂ ಉಳಿಯುವುದಿಲ್ಲ. ಮೆಂತ್ಯಕ್ಕೆ ತನ್ನ ಕಹಿಯ ಬಗ್ಗೆ ಸ್ವಲ್ಪ ಜಂಬ. ಸಬ್ಬಸಿಗೆ ಒಲೆಯ ಮೇಲೆ ಬಂದರೆ ಮನೆಯೆಲ್ಲ ತನ್ನದೇ ಎನ್ನುತ್ತದೆ. ದಂಟು ಪಾಪ, ಹೊಟ್ಟೆ ತುಂಬಿಸಿ ಸುಮ್ಮನಿರುತ್ತದೆ. ಇವುಗಳಲ್ಲೇ ಜಗತ್ತಿನ ಸೊಪ್ಪೆಲ್ಲ ಮುಗಿಯಿತೆಂದು ನಾನು ನಂಬಿದ್ದೆ.

ಅವ್ವ ಜವರಮ್ಮ ಕೊನೆಯ ಬಯಲು ಹೊಲವನ್ನು ಕಂಡವಳು. ಈ ಶ್ರಾವಣದಲ್ಲಿ ಹಾಸಿಗೆ ಹಿಡಿದಳು, ತುತ್ತು ಒಲ್ಲೆ ಎಂದಳು. ಒಂದು ದಿನ ತಾನಾಗಿಯೇ ಬೆರಕೆ ಸೊಪ್ಪಿನ ಬಸ್ಸಾರು ಕೇಳಿದಳು. ಅದಕ್ಕೆ ಮೊದಲು ಅವಳು ಬಾಯಿಬಿಟ್ಟು ಏನಾದರೂ ಕೇಳಿದ್ದು ನನಗೆ ನೆನಪಿಲ್ಲ, ಹಾಗಾಗಿ ಹಿಗ್ಗಿಹೋದೆ. ಕಳೆ ಕೀಳಲು ಹೋದ ಹೆಂಗಸರು ಮಡಿಲಲ್ಲಿ ಕಟ್ಟಿಕೊಂಡು ಬರುತ್ತಿದ್ದ ಸೊಪ್ಪಂತೆ ಅದು. ಅಣ್ಣೆ ಸೊಪ್ಪು ಮೆತ್ತಗೆ, ಗೋಣಿ ಸೊಪ್ಪು ನಸುಹುಳಿ, ಗಣಿಕೆ ನಸುಗಹಿ. ಒಂದೊಂದೇ ಬೇಯಿಸಿದರೆ ಒಂದಕ್ಕೂ ರುಚಿ ಸಾಲದಂತೆ. ಎಲ್ಲವನ್ನೂ ಕಲೆಸಿ, ಕಾಳಿನೊಂದಿಗೆ ಬೇಯಿಸಿ, ನೀರು ಬಸಿದು ಆ ನೀರಿಗೇ ಖಾರ ಕೂಡಿಸಿದರೆ, ಬೇಡವೆಂದವರೂ ಇನ್ನೊಂದು ಮುದ್ದೆಗೆ ಕೈ ಚಾಚುತ್ತಿದ್ದರಂತೆ.

ಬೀಜಗುಡಿಗೆ ಓಡಿದೆ. ನಿಮ್ಮ ಕಾಲದ ಬೀಜಗಳನ್ನು ಹಿಮದಲ್ಲಿ ಕಾಪಿಟ್ಟಿರುವ ಕಟ್ಟಡ ಅದು. ಚಪ್ಪಲಿ ಬಿಟ್ಟೇ ಒಳಗೆ ಹೋಗಬೇಕು. ನಾನು ಕೇಳಿದ ಹೆಸರುಗಳಿಗೆ ಅಲ್ಲಿನ ಮುದುಕ ಗಡ್ಡ ಕೆರೆದುಕೊಂಡ.

“ಅವೆಲ್ಲ ಕಳೆ ಕಣಮ್ಮ. ಕಳೇನ ಯಾರಾದ್ರೂ ಕೂಡಿಕ್ತಾರಾ?”

ಅವನನ್ನು ಬೈದು ಫಲವಿಲ್ಲ. ನೀವು ಬಿತ್ತಿದ್ದನ್ನೆಲ್ಲ ಜೋಪಾನ ಮಾಡಿದಿರಿ, ದಂಟಿನಲ್ಲೇ ಎಷ್ಟೊಂದು ಬಗೆ! ಕೇಳದೆ ಬಂದು ನಿಮ್ಮ ಹೊಟ್ಟೆ ತುಂಬಿಸಿದ್ದನ್ನು ಮಾತ್ರ ಮರೆತಿರಿ. ಪ್ರತಿ ವರ್ಷ ಬಂದೇ ಬರುತ್ತದಲ್ಲ, ಕೂಡಿಡುವುದೇಕೆ ಎಂದುಕೊಂಡಿರಬೇಕು. ಹಿತ್ತಲ ಗಿಡ ಮದ್ದಲ್ಲ ಎಂದು ಗಾದೆ ಕಟ್ಟಿದವರೂ ನೀವೇ ತಾನೆ? ಹೊಲ ಹೋದ ಮೇಲೆ ಅವುಗಳಿಗೆ ಬರಲು ಜಾಗವೇ ಇರಲಿಲ್ಲ.

ಕೊನೆಗೆ ಎಲೆಕೋಣೆಯ ಸೊಪ್ಪುಗಳನ್ನೇ ಕಲೆಸಿದೆ. ಹುಳಿಗೆ ಹುಣಸೆ ಹಿಂಡಿದೆ, ಕಹಿಗೆ ಮೆಂತ್ಯ ಹೆಚ್ಚು ಹಾಕಿದೆ. ಕಣ್ಣು ಕಾಣದ ಅವ್ವನಿಗೆ ಗೊತ್ತಾಗಲಿಕ್ಕಿಲ್ಲ ಎಂಬ ಆಸೆ. ಒಂದು ತುತ್ತು ಬಾಯಲ್ಲಿಟ್ಟೆ. ಬಹಳ ಹೊತ್ತು ನುರಿಸಿದಳು.

“ಎಲ್ಲಾ ಬಿತ್ತಿದ್ದೇ ಕಣ್ಮಗ. ತಾನಾಗ್ ಬಂದದ್ದು ಒಂದೂ ಇಲ್ವಲ್ಲ.”

ಆದರೂ ನುಂಗಿದಳು, ನಾನು ಮಾಡಿದ್ದೆನಲ್ಲ ಎಂದು. ನನ್ನ ಕೈ ತಡವಿ, ಚೆನ್ನಾಗಿದೆ ಎಂದಳು. ಎರಡನೆಯ ತುತ್ತಿಗೆ ಬಾಯಿ ತೆರೆಯಲಿಲ್ಲ. ಮಾರನೆಯ ಬೆಳಿಗ್ಗೆ ಹೋಗಿಬಿಟ್ಟಳು. ತಟ್ಟೆಯಲ್ಲಿ ಉಳಿದ ಬಸ್ಸಾರನ್ನು ಚೆಲ್ಲಲು ನನಗಿನ್ನೂ ಮನಸ್ಸು ಬಂದಿಲ್ಲ, ಅಜ್ಜಿ. ಅಳು ಬರುತ್ತದೆ, ಅತ್ತು ಮತ್ತೆ ಮುಚ್ಚಿಡುತ್ತೇನೆ.

ಈ ಕಾಗದ ನಿಮ್ಮ ಕೈ ಸೇರುವ ಹೊತ್ತಿಗೆ ನೀವು ಹೊಲದಲ್ಲೇ ಇರುತ್ತೀರಿ, ಕೈಯಲ್ಲಿ ಕುಡುಗೋಲು, ಬದುವಿನ ಮೇಲೆ ಕಿತ್ತ ಕಳೆಯ ರಾಶಿ. ರಾಗಿ ನಿಮ್ಮದು, ಕಳೆ ಕೀಳಬೇಡಿ ಎನ್ನಲು ನಾನು ಯಾರು? ಮೂಲೆಯಲ್ಲಿ ಮಾತ್ರ ಒಂದು ಅಣ್ಣೆ, ಒಂದು ಗೋಣಿ, ಒಂದು ಗಣಿಕೆಯನ್ನು ಬೀಜವಾಗುವ ತನಕ ಬಿಟ್ಟು, ಆ ಬೀಜವನ್ನು ಒಂದು ಚಿಂದಿಯಲ್ಲಿ ಕಟ್ಟಿಡಿ. ಯಾರಿಗೆ ಎಂದು ಯಾರಾದರೂ ಕೇಳಿದರೆ, ಜವರಮ್ಮನ ಪಾಲು ಎನ್ನಿ.